ಕೇಕ್‌ಗೊಂಬೆಯ ಕೆಂಪು ಲಂಗ

ಕೇಳಿ ಕೇಳಿ, ಒಂದು ನಿಮಿಷ ಕೂತು ಇದನ್ನು ಕೇಳಿ! ಟೋವೆಯ ಕೈಯಲ್ಲಿ ಚಾಕು ಇದೆ. ಅದನ್ನು ನೇರ ಕತ್ತಿನ ಮೇಲೇ ಇಟ್ಟಿದ್ದಾಳೆ. ನಾಲ್ಕನೇ ಕ್ಲಾಸಿನ ಮಕ್ಕಳೆಲ್ಲ ಬಾಯಿ ತೆರೆದು ಕಾಯುತ್ತಿದ್ದಾರೆ.

ಕಚಕ್!

"ಅಯ್ಯಯ್ಯಯ್ಯೋ!" ಎಲ್ಲರೂ ಕಿಟಾರನೆ ಕಿರುಚಿದರು.

ಹೆದರಬೇಡಿ, ಕತ್ತು ಹುಡುಗಿಯ ಆಕಾರದಲ್ಲಿ ಮಾಡಿದ ಕೇಕ್‌ಗೊಂಬೆಯದು. ನಮ್ಮ ಡೆನ್ಮಾರ್ಕಿನಲ್ಲಿ ಗೊಂಬೆಯ ಕತ್ತು ಕುಯ್ಯುವಾಗ ಕಿರುಚದಿದ್ದರೆ ಅದೆಂಥ ಹುಟ್ಟುಹಬ್ಬ? ಇವತ್ತು ಟೋವೆಯ ಹುಟ್ಟುಹಬ್ಬ. ಅವಳ ಗೊಂಬೆಗೆ ಬಿಳಿ ಸಕ್ಕರೆಯ ಮುಖ, ಕೆಂಪು ಕ್ರೀಮಿನ ಲಂಗ.

"ನೋಡ್ಕೊಳೋ ಆಸ್ಗರ್! ಈ ಕೆಂಪು ನ್ಯಾಚುರಲ್ಲು. ನಿನ್ ಕೇಕ್ ಥರ ಫ್ಯಾಕ್ಟರಿ ಪೇಂಟ್ ಅಲ್ಲ" ಎಂದಳು ಟೋವೆ.

ಆಸ್ಗರನ ಕಿವಿ ಕೆಂಪಾಯಿತು. ಹೋದ ತಿಂಗಳು ಅವನ ಹುಟ್ಟುಹಬ್ಬದಲ್ಲೂ ಅವಳು "ಪೇಂಟು, ಪೇಂಟು" ಎಂದು ಆಡಿಕೊಂಡಿದ್ದಳು. ಅರ್ಧ ಕೇಕು ಹಾಗೇ ಉಳಿದಿತ್ತು.

"ಹಂಗಾದ್ರೆ ನಿಂದನ್ನ ಯಾವುದ್ರಿಂದ ಮಾಡಿದ್ದಂತೆ?"

"ಬೀಟ್‌ರೂಟೋ, ಸ್ಟ್ರಾಬೆರಿನೋ. ತಡಿ, ತೋರಿಸ್ತೀನಿ!"

ಅವನ ಹೊಟ್ಟೆ ಉರಿಸಲೆಂದೇ ಟೋವೆ ಬಣ್ಣದ ಖಾಲಿ ಬಾಟಲಿಯನ್ನು ಜೇಬಿನಲ್ಲಿ ತಂದಿದ್ದಳು. "ಪ್ರಕೃತಿಯ ಸ್ವಂತ ಕೆಂಪು!" ಎಂದು ಮುಂಭಾಗದ ಚೀಟಿ ಜೋರಾಗಿ ಓದಿದಳು. ಹಿಂದೆ ತಿರುಗಿಸಿದಳು. ಇರುವೆಯಂಥ ಅಕ್ಷರ.

"ಒಣಗಿಸಿ ಅರೆದ ಹುಳುಗಳಿಂದ" ಎಂದು ಬರೆದಿತ್ತು.

ಟೋವೆ ಬಾಟಲಿಯನ್ನು ಥಟ್ಟನೆ ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಅಷ್ಟರಲ್ಲಿ ಪ್ರಾಣಸ್ನೇಹಿತೆ ಲೀವ ತಟ್ಟೆ ಹಿಡಿದು ಬಂದಳು. ಲೀವ ಮಾಂಸ, ಮೀನು ಮುಟ್ಟುವವಳಲ್ಲ. ದಾರಿಯಲ್ಲಿ ಸಿಕ್ಕ ಬಸವನಹುಳುವನ್ನೂ ಎತ್ತಿ ಹುಲ್ಲಿಗೆ ಬಿಡುವವಳು.

"ನಂಗೆ ಲಂಗ! ದೊಡ್ಡ ಪೀಸು!" ಎಂದು ತಾನೇ ಬಡಿಸಿಕೊಂಡಳು. "ಬೇರೆಯವರ ಕೇಕಾದ್ರೆ ಏನ್ ಹಾಕಿದೀರಾ ಅಂತ ಕೇಳ್ಬೇಕು. ನಿಂದಾದ್ರೆ ಕೇಳೋದೇ ಬೇಡ ಕಣೇ."

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಆಸ್ಗರ್ ಬೇಸಿಗೆ ರಜೆಯವರೆಗೂ ಬಿಡುವುದಿಲ್ಲ.

ಲೀವ ಚಮಚ ಎತ್ತಿದಳು.

"ತಿನ್ಬೇಡ ಕಣೇ! ಅದು ಹುಳು!" ಎಂದು ಟೋವೆ ಕೂಗಿಬಿಟ್ಟಳು.

ಈ ಸಲದ ಕಿರುಚಾಟಕ್ಕೆ ಪಕ್ಕದ ಕ್ಲಾಸಿನ ಟೀಚರ್ ಓಡಿ ಬಂದರು.

ಬಾಟಲಿ ಓದಿದ ಆಸ್ಗರ್ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. "ನಮ್ ಪೇಂಟಲ್ಲಿ ಒಂದ್ ಹುಳಾನೂ ಸತ್ತಿರ್ಲಿಲ್ಲಮ್ಮಾ!" ಎಂದವನೇ ಲಂಗದ ಎರಡು ತುಂಡು ಬಾಯಿಗೆ ತುರುಕಿಕೊಂಡ. "ಆದ್ರೂ ಹುಳ ಸೂಪರ್ ಆಗಿದೆ!"

ಲೀವಳಿಗೆ ಗೊಂಬೆಯ ಬಿಳಿ ಮುಖ ಸಿಕ್ಕಿತು. ಮೂಗಿನ ಅರ್ಧ ಮುರಿದು ಟೋವೆಗೆ ಕೊಟ್ಟಳು.

ಟೋವೆ ಮೆಲ್ಲಗೆ ಆಸ್ಗರನ ಪಕ್ಕ ಕೂತಳು.

"ಅವತ್ತು ನಿನ್ ಕೇಕು... ಹೆಂಗಿತ್ತೋ?"

"ಈಗ ಕೇಳ್ತೀಯಾ? ಮುಂದಿನ್ ವರ್ಷ ಬಾ, ತಿಂದು ನೋಡು."

ಈಗ ಅವಳ ಕಿವಿ ಕೆಂಪಾಯಿತು. ಆ ಕೆಂಪಿಗೆ ಯಾವ ಬಾಟಲಿಯೂ ಬೇಕಾಗಲಿಲ್ಲ.

ಅಲ್ಲಾ, ಲೀವ ಚಮಚ ಎತ್ತಿದ್ದಳಲ್ಲ, ಆಗ ಬಾಟಲಿ ನಿಮ್ಮ ಕೈಯಲ್ಲಿದ್ದಿದ್ದರೆ ನೀವೇನು ಮಾಡುತ್ತಿದ್ದಿರಿ?