ಮುಳ್ಳಿನ ಪುಟದಲ್ಲಿ ಐದು ನಕ್ಷತ್ರ

ಶುಕ್ರವಾರ ಬೆಳಿಗ್ಗೆ ಕೊಂಕಕ್ಕ ಹೆಗಲಿನ ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಮುಳ್ಳು ಎಂದು ಕರೆಯುವ ಹುಡುಗ ಓಡಿ ಬಂದು ಅವಳ ಮೇಜಿಗೆ ಅಡ್ಡ ನಿಂತ.

"ಅಕ್ಕಾ, ನನ್ನ ಮಾನ ಹೋಯ್ತು."

"ಇತ್ತಾ?" ಎಂದಳು ಕೊಂಕಕ್ಕ, ಕನ್ನಡಕ ಒರೆಸಿಕೊಳ್ಳುತ್ತಾ.

ಪಕ್ಕದ ಮೇಜಿನ ಒತ್ತಕ್ಷರ ತಲೆ ಎತ್ತಿದಳು. ಅವಳು ಕೊಂಕಕ್ಕನ ತಮ್ಮನ ಹೆಂಡತಿ. ತಮ್ಮ ತೀರಿಕೊಂಡ ಮೇಲೆ ಗೋಡೆ ನೋಡುತ್ತಾ ಕೂತಿದ್ದವಳನ್ನು ಕೊಂಕಕ್ಕನೇ ಎಬ್ಬಿಸಿ ಈ ಆಫೀಸಿಗೆ ತಂದು ಕೂರಿಸಿದ್ದಳು. ವೆಬ್‌ಸೈಟುಗಳಿಗೆ ಬೇಕಾದ ಮಾತುಗಳನ್ನು ಬರೆಯುವುದು ಅವಳ ಕೆಲಸ. ಎಲ್ಲರ ಅಡಿಯಲ್ಲಿ ಸದ್ದಿಲ್ಲದೆ ಇರುತ್ತಾಳೆಂದು ಆ ಹೆಸರು ಬಿತ್ತು. ಅವಳು ಬೇಡವೆನ್ನಲಿಲ್ಲ. ಆ ವರ್ಷ ಅವಳು ಯಾವುದನ್ನೂ ಬೇಡವೆಂದಿರಲಿಲ್ಲ.

ಕೊಂಕಕ್ಕನದು ಟೆಸ್ಟಿಂಗ್ ಕೆಲಸ. ಬೇರೆಯವರು ಕಟ್ಟಿದ್ದರಲ್ಲಿ ಹುಳುಕು ಹುಡುಕಿ ಸಂಬಳ ಪಡೆಯುವವಳು. ಹಾಗಾಗಿ ಆಫೀಸಿನಲ್ಲಿ ಯಾರ ಚಾರ್ಜರ್ ಕಳೆದರೂ, ಯಾರ ಡಬ್ಬಿಯ ಊಟ ಯಾರು ತಿಂದರೂ ದೂರು ಅವಳ ಮೇಜಿಗೇ ಬರುತ್ತಿತ್ತು. ತಪ್ಪು ಮಾಡಿದವರನ್ನು ಅವಳು ಹಿಡಿಯುತ್ತಿದ್ದಳು, ಒತ್ತಕ್ಷರ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

ಮುಳ್ಳು ಫೋನನ್ನು ಕೊಂಕಕ್ಕನ ಮೂಗಿಗೆ ಹಿಡಿದ. ಹಗಲೆಲ್ಲ ಕಂಡವರ ವೆಬ್‌ಸೈಟಿಗೆ ಬಟನ್ನು, ಫಾರಂ ಕಟ್ಟುವ ಈ ಹುಡುಗನಿಗೆ ತನ್ನದೆಂದು ಇದ್ದದ್ದು ಒಂದೇ: ಆಫೀಸು ನಡೆಸುತ್ತಿದ್ದ ಸಿನಿಮಾ ಸೈಟಿನಲ್ಲಿ 'ಮುಳ್ಳು' ಎಂಬ ವಿಮರ್ಶೆಯ ಪುಟ. ಯಾವ ಸಿನಿಮಾಕ್ಕೂ ಅವನು ಎರಡೂವರೆ ನಕ್ಷತ್ರ ದಾಟಿ ಕೊಟ್ಟವನಲ್ಲ. ಜನ ಅದನ್ನು ಓದುತ್ತಿದ್ದದ್ದೂ ಅದಕ್ಕೇ. ಆ ಪುಟದಲ್ಲಿ ಈಗ, ಅವನದೇ ಹೆಸರಿನ ಕೆಳಗೆ, 'ಕೊಡೆ ಮರೆತ ತಾಯಿ' ಎಂಬ ಅಳುಬುರುಕ ಸಿನಿಮಾಕ್ಕೆ ಐದು ನಕ್ಷತ್ರ ಮಿನುಗುತ್ತಿದ್ದವು.

"ನಾನು ಬರೆದಿಲ್ಲ ಅಕ್ಕಾ. ನಾನು ಆ ಸಿನಿಮಾ ಇನ್ನೂ ನೋಡೇ ಇಲ್ಲ."

"ನೋಡದೆ ಬೈದಿದ್ದೀಯಲ್ಲ ಎಷ್ಟೋ."

"ಬೈಯೋದು ಬೇರೆ! ಹೊಗಳೋಕೆ ನೋಡ್ಬೇಕಲ್ವಾ?"

ಒತ್ತಕ್ಷರ ಬಗ್ಗಿ ಓದಿದಳು. ಉದ್ದಕ್ಕೂ ಒಂದು ಚುಕ್ಕೆಯಿಲ್ಲ, ಅಲ್ಪವಿರಾಮವಿಲ್ಲ: "ತಾಯಿ ಬಸ್ಸಿಳಿಯುವಾಗ ಮಗ ಅದೇ ಕೊಡೆ ಹಿಡಿದು ನಿಂತಿರುತ್ತಾನೆ ನೋಡಿ ಅಲ್ಲಿ ನನ್ನ ಎದೆ ಒಡೆದು ಹೋಯಿತು ಬಂದೆಯಾ ಮರಿ ಬಾ ಕಾಲೆತ್ತಬೇಕಾ ಎತ್ತಿದೆ ಬಿಡು ಇಂಥ ಸಿನಿಮಾಕ್ಕೆ ಐದಲ್ಲ ಐವತ್ತು ನಕ್ಷತ್ರ ಕೊಡಬೇಕು."

ಕೆಳಗೆ ಓದುಗರು ಸಾಲುಗಟ್ಟಿದ್ದರು. ಒಬ್ಬ "ಮುಳ್ಳನ್ನು ಯಾರೋ ಕೊಂಡುಕೊಂಡರು" ಎಂದಿದ್ದ. ಇನ್ನೊಬ್ಬ "ಮುಳ್ಳಲ್ಲ, ಹತ್ತಿ" ಎಂದಿದ್ದ. ಮೂರನೆಯವರು ಯಾರೋ ತಿಳಿದವರು, ಕಾಲೆತ್ತುವ ವಾಕ್ಯ ನೊಂದ ಮನುಕುಲದ ಸಂಕೇತವೆಂದು ಎರಡು ಪ್ಯಾರಾ ಬರೆದಿದ್ದರು.

ಅಷ್ಟರಲ್ಲಿ ಯಜಮಾನರ ಕೋಣೆಯ ಬಾಗಿಲು ದಡಾರೆಂದು ತೆರೆಯಿತು. ಆಫೀಸಿನ ಒಡೆಯರಾದ ಅವರಿಗೆ ಸಿನಿಮಾ ಎಂದರೆ ಕೆಲಸಗಳ್ಳರ ರೋಗ. ಸಿನಿಮಾ ಸೈಟನ್ನು ನಡೆಸುತ್ತಿದ್ದದ್ದೂ ಅದಕ್ಕೆ ಓದುಗರು ಇದ್ದಾರೆ ಎನ್ನುವ ಒಂದೇ ಕಾರಣಕ್ಕೆ.

"ಏನ್ರೀ ಇದು ಮರ್ಯಾದೆಗೆಟ್ಟ ಕೆಲ್ಸ! ಆ ಪುಟ ಮುಚ್ಚಿ. ಸಂಜೆಯೊಳಗೆ ಪೂರ್ತಿ ಅಳಿಸಿ ಹಾಕಿ. ಒಂದಕ್ಷರ ಉಳೀಬಾರದು!"

"ಸಾರ್, ನಾನಲ್ಲ..."

"ಯಾರಾದ್ರೂ ಆಗ್ಲಿ, ನನಗೆ ಬೇಡ ಅದು. ಮುಚ್ಚಿ ಅಂದ್ರೆ ಮುಚ್ಚಿ!"

ಅವರು ತಿರುಗುವಾಗ ಕಾಲಿಗೆ ಆಮೆ ತಾಗಿತು. ಆಮೆಯೆಂದರೆ ತಾನಾಗಿ ಓಡಾಡಿ ನೆಲ ಗುಡಿಸುವ ದುಂಡನೆಯ ಯಂತ್ರ. ಮಾರುಕಟ್ಟೆಗೆ ಬಂದ ಹೊಸ ಯಂತ್ರ ಯಾವುದನ್ನೂ ಬಿಡದ ಮುಳ್ಳು ಅದನ್ನು ಆಫೀಸಿಗೇ ತಂದು ಬಿಟ್ಟಿದ್ದ. ಯಜಮಾನರು ಅದನ್ನು ಪಕ್ಕಕ್ಕೆ ಒದ್ದರು. "ದರಿದ್ರ ಡಬ್ಬಿ! ನನ್ನ ರೂಮಿನ ಹತ್ರ ಇದು ಸುಳೀಬಾರದು ಅಂತ ಎಷ್ಟು ಸಲ ಹೇಳೋದು?" ಬಾಗಿಲು ಮತ್ತೆ ದಡಾರೆಂದಿತು. ಆಮೆ ಒಂದು ಸುತ್ತು ತಿರುಗಿ ಸಾವರಿಸಿಕೊಂಡು ಹೊರಟಿತು. ಅದು ಬಂದಲ್ಲೆಲ್ಲ ಎಲ್ಲರ ಕಾಲುಗಳೂ ತಾವಾಗಿ ಮೇಲೇಳುತ್ತಿದ್ದವು. ಅದು ಆಗಲೇ ಅಲ್ಲಿಯವರಿಗೆ ಉಸಿರಾಟದಷ್ಟು ಅಭ್ಯಾಸವಾಗಿತ್ತು.

ಮುಳ್ಳು ಕುರ್ಚಿಗೆ ಕುಸಿದ. "ಸಂಜೆವರೆಗೂ ಟೈಮು ಅಕ್ಕಾ. ಆಮೇಲೆ ನಾನು ಬರೀ ಬಟನ್ನು ಹಚ್ಚೋನು."

ಕೊಂಕಕ್ಕ ಅಂದು ಮೊದಲ ಸಲ ಅವನನ್ನು ಮರುಕದಿಂದ ನೋಡಿದಳು. "ಅಳ್ಬೇಡ. ಐದು ನಕ್ಷತ್ರ ಕೊಟ್ಟೋನು ಅಂತ ಮೊದಲೇ ಹೆಸರು ಕೆಟ್ಟಿದೆ. ಬಾರೇ ಒತ್ತಕ್ಷರ."

ಮೊದಲು ಹೋದದ್ದು ಸರ್ವರ್ ಮಾವನ ಹತ್ತಿರ. ಸದಾ ಸ್ವೆಟರ್ ಹಾಕಿಕೊಂಡು, ತಂತಿಗಳ ನಡುವಿನ ತಣ್ಣನೆಯ ಕೋಣೆಯಲ್ಲಿ ಯಂತ್ರಗಳಿಗೆ ಕಾವಲು ಕೂತ ಹಿರಿಯರು ಅವರು. ಆ ತಂತಿಗಳಿಂದಾಗಿ ಆಮೆಗೂ ಅಲ್ಲಿ ಪ್ರವೇಶವಿರಲಿಲ್ಲ. ಬಾಗಿಲಿಗೆ ಹಲಗೆ ಅಡ್ಡ ಇಟ್ಟಿತ್ತು.

"ಹೊರಗಿಂದ ಯಾರಾದ್ರೂ ನುಗ್ಗಿದ್ರಾ ಮಾವ?"

"ನನ್ನ ಕಣ್ಣು ತಪ್ಪಿಸಿ ಸೊಳ್ಳೆ ಬರಲ್ಲ," ಎಂದರು ಮಾವ. ಆಮೇಲೆ ದನಿ ಇಳಿಸಿದರು. "ಆದ್ರೆ ನಿನ್ನೆ ಗುರುವಾರ ಅಲ್ವಾ. ಟೆಸ್ಟ್ ಸೈಟನ್ನ ಎತ್ತಿ ಲೈವಿಗೆ ಹಾಕಿದೆ. ಅದರ ಜೊತೆ ಬಂದಿರ್ಬೇಕು ಅದು."

ಒತ್ತಕ್ಷರಳಿಗೆ ಈ ಪದ್ಧತಿ ಗೊತ್ತಿತ್ತು. ಹೊಸದೇನಿದ್ದರೂ ಮೊದಲು ಹೊರಗಿನವರಿಗೆ ಕಾಣದ ಟೆಸ್ಟ್ ಸೈಟಿನಲ್ಲಿ ಎಲ್ಲರೂ ಆಡಿಸಿ ನೋಡಬೇಕು. ಗುರುವಾರ ಸಂಜೆ ಮಾವ ಅದರಲ್ಲಿನ ಕಸ ತೆಗೆದು, ಉಳಿದದ್ದನ್ನು ಲೋಕಕ್ಕೆ ತೋರುವ ಸೈಟಿಗೆ ದಾಟಿಸುತ್ತಾರೆ. ಕಸ ಕಣ್ಣಿಗೆ ಬೀಳಲೆಂದೇ ಒಂದು ಕಟ್ಟಳೆ: ಟೆಸ್ಟಿಗೆ ಅರ್ಥವಿರುವ ಮಾತು ಬರೆಯಕೂಡದು. ಒತ್ತಕ್ಷರ ಕೆಲಸಕ್ಕೆ ಸೇರಿದ ದಿನ ಕೊಂಕಕ್ಕ ಕಲಿಸಿದ ಮೊದಲ ಪಾಠವೇ ಅದು. ಮುಳ್ಳು 'ಗಗಗಗ' ಎಂದು ಒತ್ತುತ್ತಿದ್ದ, ಒತ್ತಕ್ಷರ 'ಡುಂಡುಂಡುಂ' ಎಂದು. ಮಾವನದು ಬರೀ 'ಹೂಂ ಹೂಂ'.

"ಇದನ್ನ ಯಾಕೆ ಬಿಟ್ರಿ?"

"ಓದಿದೆ. ಅರ್ಥ ಇತ್ತು. ಹುಡುಗ ಕೊನೆಗೂ ಮನುಷ್ಯ ಆದ ಅಂತ ಖುಷಿಪಟ್ಟು ಬಿಟ್ಟೆ," ಎಂದರು ಮಾವ. ಸ್ವೆಟರಿನ ಗುಂಡಿ ತಿರುವುತ್ತಾ ಕೂತರು.

ಟೆಸ್ಟ್ ಸೈಟಿಗೆ ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಪಾಸ್‌ವರ್ಡ್. ವಿಮರ್ಶೆಯ ಪುಟದಲ್ಲಿ ಯಾರು ಏನು ತುಂಬಿದರೂ ಅದು ಮುಳ್ಳಿನ ಹೆಸರಿಗೇ ಬೀಳುತ್ತಿತ್ತು. ಆ ದಾರಿ ಅಲ್ಲಿಗೆ ಮುಚ್ಚಿತು.

ಎಲ್ಲರ ಅನುಮಾನ ಬಣ್ಣದಮ್ಮನ ಮೇಲೆ. ಸೈಟುಗಳಿಗೆ ಬಣ್ಣ, ಚಿತ್ರ ಕೂಡಿಸುವ ಆಕೆ ಜಾಹೀರಾತಿಗೂ ಅಳುವವಳು.

"ಮೂರು ಸಲ ನೋಡಿದ್ದೀನಿ," ಎಂದಳು ಬಣ್ಣದಮ್ಮ, ಸಿನಿಮಾದ ಹೆಸರು ಕೇಳಿದ್ದಕ್ಕೇ ಕಣ್ಣು ತುಂಬಿಕೊಂಡು. "ಆದ್ರೆ ನಾನಾಗಿದ್ರೆ ಕೊಡೆ ಬಗ್ಗೆ ಬರೀತಿರಲಿಲ್ಲ, ಅದ್ರಲ್ಲಿರೋ ನಾಯಿ ಬಗ್ಗೆ ಬರೀತಿದ್ದೆ. ಬುಧವಾರ ಮುಳ್ಳು ವಿಮರ್ಶೆ ಪುಟಕ್ಕೆ, ಮಾತಾಡಿದ್ರೆ ತಾನೇ ಬರ್ಕೊಳ್ಳೋ ಹೊಸ ಸೌಲಭ್ಯ ತಂದ್ನಲ್ಲ, ಎಲ್ರೂ ಫೋನಲ್ಲಿ ಮಾತಾಡಿ ಟೆಸ್ಟ್ ಮಾಡಿ ಅಂದ. ನಾನು 'ಲಲಲ' ಅಂತ ಹಾಡಿ ಮುಗಿಸ್ದೆ. ಕೇಳಿ ಬೇಕಾದ್ರೆ."

"ಕೇಳಿದ್ವಿ. ಇಡೀ ಆಫೀಸು ಕೇಳಿತ್ತು," ಎಂದಳು ಕೊಂಕಕ್ಕ. "ಯಜಮಾನರೂ ಮಾತಾಡಿದ್ರಾ?"

"ಅವ್ರಾ? ಇಂಥ ಮಂಗಾಟಕ್ಕೆಲ್ಲ ಪುರುಸೊತ್ತಿಲ್ಲ ಅಂತ ಅಂದ್ರು. ಮಧ್ಯಾಹ್ನ ಯಾರೋ ಗಿರಾಕೀನ ನೋಡೋಕೆ ಹೋಗಿ ಬಂದ್ರಲ್ಲ, ಕಣ್ಣಿಗೆ ಧೂಳು ಬಿದ್ದು ಕೆಂಪಗಾಗಿತ್ತು. ಪಾಪ, ಬಾಗಿಲು ಹಾಕ್ಕೊಂಡು ಕೂತ್ರು."

ಹಿಂತಿರುಗಿದಾಗ ಮುಳ್ಳು ದುಃಖ ಮರೆಯಲು ಆಮೆಯನ್ನು ಮಗುಚಿ ಹೊಟ್ಟೆ ತೊಳೆಯುತ್ತಿದ್ದ. "ನೋಡಿ ಅಕ್ಕಾ, ಯಾರೋ ಕಾಗದದ ಕರವಸ್ತ್ರ ಉಂಡೆ ಉಂಡೆ ಎಸೆದಿದ್ದಾರೆ. ಒದ್ದೆ ಇತ್ತು ಅಂತ ಕಾಣುತ್ತೆ, ಬ್ರಷ್ಷಿಗೆ ಅಂಟಿ ಒಣಗಿದೆ."

ಕೊಂಕಕ್ಕ ಬಗ್ಗಿ ನೋಡಿದಳು. ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು. ಒತ್ತಕ್ಷರಳಿಗೆ ಈ ಗುರುತು ಗೊತ್ತಿತ್ತು. ಹುಳುಕು ಸಿಕ್ಕಿತ್ತು.

"ಈ ಆಮೆ ಓಡಾಡಿದ ದಾರಿ ನಿನ್ನ ಫೋನಲ್ಲಿ ನಕ್ಷೆ ಆಗಿ ಉಳಿಯುತ್ತೆ ಅಂತ ತಲೆ ತಿಂತಿದ್ಯಲ್ಲ?"

"ಹೂಂ. ಎಲ್ಲಿ ಏನು ಅಡ್ಡ ಸಿಕ್ತು ಅಂತಾನೂ ಗುರುತು ಹಾಕುತ್ತೆ."

"ಬುಧವಾರದ್ದು ತೋರ್ಸು. ಒತ್ತಕ್ಷರ, ಸಂಜೆ ಎಲ್ರನ್ನೂ ಹಾಲ್‌ಗೆ ಕರಿ. ಯಜಮಾನರಿಗೆ, ಪುಟ ಮುಚ್ಚೋ ಶಾಸ್ತ್ರಕ್ಕೆ ಅಂತ ಹೇಳು. ತಪ್ಪದೆ ಬರ್ತಾರೆ."

ಬಂದರು. ಎಲ್ಲರಿಗಿಂತ ಮೊದಲು ಬಂದು, ಕೈ ಕಟ್ಟಿ ನಿಂತರು. ಬಣ್ಣದಮ್ಮ ಮುಂಜಾಗ್ರತೆಗೆ ಕರವಸ್ತ್ರ ತಂದಿದ್ದಳು. ಮಾವ ಸ್ವೆಟರಿನಲ್ಲೇ ಬಂದು ಕಿಟಕಿ ಪಕ್ಕ ಕೂತರು. ಮುಳ್ಳು ಶವದ ಪಕ್ಕ ನಿಂತವನಂತೆ ತನ್ನ ಪುಟದ ಪಕ್ಕ ನಿಂತಿದ್ದ.

"ಯಾರೂ ನುಗ್ಗಿಲ್ಲ," ಎಂದು ಶುರು ಮಾಡಿದಳು ಕೊಂಕಕ್ಕ. "ಟೆಸ್ಟಿಗೆ ಅಂತ ಹಾಕಿದ್ದು ಮಾವನ ಕೈಯಲ್ಲಿ ಲೈವಿಗೆ ದಾಟಿದೆ. ಅರ್ಥ ಇತ್ತು, ಬಿಟ್ರು. ಇಲ್ಲೇ ಮೊದಲ ಪ್ರಶ್ನೆ. ಟೆಸ್ಟಿಗೆ ಅರ್ಥ ಇರೋದು ಬರೀಬಾರದು ಅಂತ ನಮ್ಗೆಲ್ಲ ಗೊತ್ತು, ನಿದ್ದೇಲೂ ಬರೆಯಲ್ಲ. ಹಾಗಾದ್ರೆ ಬರೆದೋರು ಯಾವತ್ತೂ ಟೆಸ್ಟ್ ಮಾಡದವರು."

ಯಜಮಾನರು ಗಡಿಯಾರ ನೋಡಿದರು.

"ಎರಡನೇದು. ಒಂದು ಚುಕ್ಕೆ ಇಲ್ಲ ಅದ್ರಲ್ಲಿ. ಅದು ಬರೆದದ್ದಲ್ಲ, ಮಾತಾಡಿದ್ದು. ಮಾತಾಡ್ತಾ ಇದ್ದಾಗ ಯಾರೋ ಬಂದ್ರು. 'ಬಂದೆಯಾ ಮರಿ, ಬಾ, ಕಾಲೆತ್ತಬೇಕಾ, ಎತ್ತಿದೆ ಬಿಡು.' ಫೋನು ಅದನ್ನೂ ಬರ್ಕೊಳ್ತು. ಈ ಆಫೀಸಲ್ಲಿ ಯಾರು ಬಂದ್ರೆ ನಾವು ಕಾಲೆತ್ತುತ್ತೀವಿ?"

ಎಲ್ಲರೂ ಒಟ್ಟಿಗೆ ಕೆಳಗೆ ನೋಡಿದರು. ಆಮೆ ಮಾವನ ಕುರ್ಚಿಯ ಕಾಲಿಗೆ ಹಣೆ ಚಚ್ಚಿಕೊಳ್ಳುತ್ತಿತ್ತು.

"ಹಾಗಾದ್ರೆ ಅದು ಮನುಕುಲದ ಸಂಕೇತ ಅಲ್ವಾ?" ಎಂದಳು ಬಣ್ಣದಮ್ಮ, ನಿರಾಶೆಯಿಂದ.

"ಅಲ್ಲ. ಇಲ್ಲಿ ಹಾಲ್‌ನಲ್ಲಿ ಯಾರಾದ್ರೂ ಹೀಗೆ ಮಾತಾಡಿದ್ರೆ ನಾವೆಲ್ಲ ಕೇಳಿಸ್ಕೋತಿದ್ವಿ. ಬಾಗಿಲು ಇರೋ ಕೋಣೆ ಎರಡೇ. ಮಾವನ ಕೋಣೆಗೆ ಆಮೆ ಹೋಗಲ್ಲ. ಇನ್ನೊಂದಕ್ಕೂ ಹೋಗಲ್ಲ ಅಂತಾರೆ. ಆದ್ರೆ ನಕ್ಷೆ ಬೇರೆ ಹೇಳುತ್ತೆ." ಅವಳು ಮುಳ್ಳಿನ ಫೋನನ್ನು ಎತ್ತಿ ತೋರಿಸಿದಳು. "ಬುಧವಾರ ಮಧ್ಯಾಹ್ನ ಯಜಮಾನರು ಬಂದು ಬಾಗಿಲು ಹಾಕ್ಕೊಳ್ಳೋ ಮೊದಲೇ ಆಮೆ ಅವರ ಕೋಣೆಯೊಳಗೆ ನುಸುಳಿದೆ. ಕುರ್ಚಿಯ ಕಾಲುಗಳ ಗುರುತಿದೆ. ಮನುಷ್ಯರ ಪಾದದ ಗುರುತು ಮಾತ್ರ ಇಲ್ಲ. ಎತ್ತಿದ್ರು. ಕುರ್ಚಿ ಕೆಳಗಿನ ಒದ್ದೆ ಕರವಸ್ತ್ರನೂ ಅದು ಗುಡಿಸ್ಕೊಂಡು ಬಂದಿದೆ."

ಆಮೆ ಮಾವನ ಕುರ್ಚಿ ಬಿಟ್ಟು ಯಜಮಾನರ ಕಡೆ ಹೊರಟಿತು.

"ಮೂರನೇದು ನನಗೆ ಬೆಳಿಗ್ಗೇನೇ ಹೊಳೀಬೇಕಿತ್ತು. ಯಜಮಾನ್ರೇ, ನೀವು 'ಯಾರು ಮಾಡಿದ್ದು, ಹಿಡೀರಿ' ಅಂತ ಒಂದ್ಸಲನೂ ಅನ್ಲಿಲ್ಲ. 'ಅಳಿಸಿ' ಅಂತ ಮಾತ್ರ ಅಂದ್ರಿ. ಅಪರಾಧಿ ಸಿಗೋದು ಬೇಡ ಅನ್ನೋರು ಒಬ್ಬರೇ ಇರ್ತಾರೆ."

ಯಜಮಾನರ ಕಟ್ಟಿದ ಕೈ ಸಡಿಲವಾಯಿತು. ಹತ್ತಿರದ ಕುರ್ಚಿ ಎಳೆದು ಕೂತರು.

"ಗಿರಾಕಿ ಬರಲಿಲ್ಲ," ಎಂದರು. "ಎದುರಿಗೇ ಟಾಕೀಸು. ಬಿಸಿಲು ಬೇರೆ. ತಣ್ಣಗೆ ಕೂತು ಬರೋಣ ಅಂತ ಹೋದೆ. ಒಬ್ನೇ ಇದ್ದೆ. ಬಂದ ಮೇಲೆ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು. ನಿಮ್ಗೆ ಹೇಳಿದ್ರೆ ನಾಳೆಯಿಂದ ನನ್ನ ಮಾತು ಯಾರು ಕೇಳ್ತಾರೆ? ಇವ್ನು ಟೆಸ್ಟಿಗೆ ಅಂತ ಕಳ್ಸಿದ್ದ ಪುಟ ಫೋನಲ್ಲಿತ್ತು, ಅದಕ್ಕೆ ಹೇಳ್ದೆ. ನಕ್ಷತ್ರ ಕಂಡ್ವು, ಒತ್ತಿದೆ. ಮುಚ್ಚಿದ್ರೆ ಹೋಗುತ್ತೆ ಅಂದ್ಕೊಂಡೆ."

"ತಾನೇ ಉಳಿಸ್ಕೊಳ್ಳುತ್ತೆ ಸಾರ್," ಎಂದ ಮುಳ್ಳು ಮೆಲ್ಲಗೆ. "ಅದೂ ಹೊಸ ಸೌಲಭ್ಯ. ನಾನೇ ಮಾಡಿದ್ದು."

"ಹಾಳಾಗ್ಲಿ ನಿನ್ನ ಸೌಲಭ್ಯ," ಎಂದರು ಯಜಮಾನರು. ಆದರೆ ದನಿಯಲ್ಲಿ ಕಾವಿರಲಿಲ್ಲ. "ಪುಟ ಇರ್ಲಿ ಬಿಡು. ಆ ಐದು ನಕ್ಷತ್ರದ ವಿಮರ್ಶೆಗೆ ಮಾತ್ರ ನಿನ್ನ ಹೆಸರು ತೆಗೆದು ನನ್ನದೇ ಹಾಕು. ನಡೆದದ್ದನ್ನೂ ಬರಿ. ಒತ್ತಕ್ಷರ ತಿದ್ದಿಕೊಡ್ಲಿ, ಚುಕ್ಕೆಗಿಕ್ಕೆ ಎಲ್ಲ."

ಒತ್ತಕ್ಷರ ತಲೆಯಾಡಿಸಿದಳು. ಯಾರಿಗಾದರೂ ಹೇಳಬೇಕು ಅನ್ನಿಸ್ತು ಎಂಬ ಮಾತು ಅವಳಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಅವಳಿಗೂ ಅವಳ ಗಂಡನಿಗೂ ಯಾವ ಸಿನಿಮಾದ ಬಗ್ಗೆಯೂ ಹೊಂದಾಣಿಕೆ ಆದದ್ದಿಲ್ಲ. ಟಾಕೀಸಿನಿಂದ ಮನೆವರೆಗೂ ಜಗಳ. ಅವನು ಹೋದ ಮೇಲೆ ಅವಳು ಸಿನಿಮಾಕ್ಕೆ ಹೋಗಿರಲಿಲ್ಲ.

"ಬರೆಯೋ ಮೊದಲು ನೋಡ್ಬೇಕಲ್ಲ," ಎಂದಳು. ಎಲ್ಲರೂ ತಿರುಗಿದರು. ಯಾರೂ ಕೇಳದೆ ಅವಳು ಮಾತಾಡಿದ್ದು ಅದೇ ಮೊದಲು. "ಸಂಜೆ ಆಟ ಇದೆ."

ಎಲ್ಲರೂ ಹೋದರು. ತಾಯಿ ಬಸ್ಸಿಳಿದಾಗ ಬಣ್ಣದಮ್ಮನ ಬಿಕ್ಕಳಿಕೆ ಇಡೀ ಸಾಲಿಗೆ ಕೇಳಿಸಿತು. ಯಜಮಾನರು ಈ ಸಲ ಬಹಿರಂಗವಾಗಿ ಮೂಗು ಒರೆಸಿದರು. ಮಾವ ಸ್ವೆಟರನ್ನು ಕಣ್ಣಿನವರೆಗೂ ಎಳೆದುಕೊಂಡರು. ದೀಪ ಹತ್ತಿದಾಗ ಮುಳ್ಳು ಧೂಳು, ಧೂಳು ಎನ್ನುತ್ತಾ ಎದ್ದ. ಎರಡೂವರೆ ಎಂದ. ಬಾಗಿಲ ಹತ್ತಿರ ನಿಂತು, ಎರಡು ಮುಕ್ಕಾಲು ಎಂದ.

ಮನೆಯ ದಾರಿಯಲ್ಲಿ ಕೊಂಕಕ್ಕ ತನ್ನ ಕಸುಬು ಶುರು ಮಾಡಿದಳು. "ಅಲ್ಲ ಕಣೇ, ತಾಯಿ ಮರೆತು ಹೋದ ಕೊಡೆ ಅಷ್ಟು ವರ್ಷ ಹಾಗೇ ಇರುತ್ತಾ? ಒಂದು ಕಡ್ಡಿನೂ ಮುರಿದಿಲ್ಲ! ಕತೆ ಬರೆದೋನಿಗೆ ಬುದ್ಧಿ ಬೇಡ್ವಾ?"

ಒತ್ತಕ್ಷರ ಅವಳತ್ತ ತಿರುಗಿದಳು.

"ಯಾಕಿರಲ್ಲ ಅತ್ತಿಗೆ?" ಎಂದಳು. "ಮಗ ಅದನ್ನ ಬಿಚ್ಚೇ ಇಲ್ಲ. ಮಳೇಲಿ ನೆನೀತಾನೆ, ಕೊಡೆ ಬಿಚ್ಚಲ್ಲ. ಸರಿಯಾಗಿ ನೋಡಿದ್ರಾ ನೀವು?"

"ಏನಂದೆ? ನಾನು ಸರಿಯಾಗಿ ನೋಡಿಲ್ವಾ?"

"ಇಲ್ಲ. ನೀವು ತಪ್ಪು ಹುಡುಕ್ತಾ ಇದ್ರಿ."

ಕೊಂಕಕ್ಕ ರಸ್ತೆಯ ಮಧ್ಯೆ ನಿಂತುಬಿಟ್ಟಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ವಾದಕ್ಕೆ ಇಳಿದಳು. ಇಬ್ಬರೂ ಮನೆ ಬಾಗಿಲವರೆಗೂ ಜಗಳವಾಡಿದರು.