ಪ್ರೊಫೈಲಿನ ಒಂಬತ್ತನೇ ಪುಟ

ಸುಳ್ಳು ಬರೆದದ್ದು ನಾನೇ. ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ.

ತೆಲುಗು ನಾಡಿನ ಕೊಂಡಾಪುರದಲ್ಲಿ ನಮ್ಮದು ಜಾಹೀರಾತು ಚಿತ್ರ ಮಾಡುವ ಸಣ್ಣ ಕಂಪನಿ. ಗಿರಾಕಿಗಳಿಗೆ ಕೊಡುವ ಕಂಪನಿ ಪ್ರೊಫೈಲ್ ಬರೆಯುವುದು ನನ್ನ ಕೆಲಸ. ನಾಲ್ಕು ಜನರಿದ್ದರೆ 'ಅನುಭವಿ ತಂಡ', ಬಾಡಿಗೆ ಕ್ಯಾಮೆರಾ ಇದ್ದರೆ 'ಅತ್ಯಾಧುನಿಕ ಸೌಲಭ್ಯ' ಎಂದು ಬರೆದು ಬರೆದು ಕೈ ಪಳಗಿತ್ತು. ಅದೇ ಕೈ ಒಂಬತ್ತನೇ ಪುಟದಲ್ಲಿ ಹುಲಗೇಶನ ಫೋಟೊ ಕೆಳಗೆ 'ಪುಣೆಯಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ' ಎಂದು ಬರೆದುಬಿಟ್ಟಿತು.

ಹುಲಗೇಶ ನಮ್ಮ ಕ್ಯಾಮೆರಾಮನ್, ಲಿಂಗಸುಗೂರು ಕಡೆಯವನು. ಅವನ ಅವ್ವ ಯಂಕಮ್ಮ ಇಲ್ಲಿಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಾರೆ. ಅವನು ಶೂಟಿಂಗಿಗೆ ಲೈಟು ಹೊರಲು ಬಂದು ಕ್ಯಾಮೆರಾ ಕಲಿತವನು. ಲೆನ್ಸ್ ಒರೆಸುತ್ತ ಓರೆಗಣ್ಣಲ್ಲಿ ನನ್ನ ನೋಡಿ, "ಒಂದೀಟು ನಗ್ರೀ ವಿಜಯಶ್ರೀ ಮೇಡಂ, ಫೋಕಸ್ ಸಿಗವಲ್ದು" ಅನ್ನುತ್ತಿದ್ದ. ನಾನು ನಗುತ್ತಿದ್ದೆ. ಅಷ್ಟರಲ್ಲೇ ಇಬ್ಬರಿಗೂ ಎಲ್ಲ ಗೊತ್ತಾಗಿತ್ತು.

ನನ್ನಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಫೋರ್‌ಮನ್. ಆ ಪುಟವನ್ನು ಅಪ್ಪನಿಗೆ ತೋರಿಸಿ ಮದುವೆ ಮಾತೆತ್ತಬೇಕೆಂದಿದ್ದೆ. ಹೆಚ್ಚು ಓದದ ಅಳಿಯನನ್ನು ಅಪ್ಪ ಒಪ್ಪುವುದಿಲ್ಲ ಎಂದುಕೊಂಡಿದ್ದೆ, ಅದಕ್ಕೇ ಆ ಡಿಪ್ಲೊಮಾ.

ಸೋಮವಾರದ ಮೀಟಿಂಗಿನಲ್ಲಿ ಹೊಸ ಗಿರಾಕಿ ಪುಟ ತಿರುವಿ, ತಾನೂ ಪುಣೆಯಲ್ಲೇ ಓದಿದವನು, ನಿಮ್ಮದು ಯಾವ ಬ್ಯಾಚ್ ಎಂದು ಹುಲಗೇಶನನ್ನು ಕೇಳಿದ. ಹುಲಗೇಶ ಪುಟ ನೋಡಿದ, ಆಮೇಲೆ ನನ್ನ ನೋಡಿದ. ತಾನು ಓದಿದ್ದು ಎಸ್ಸೆಸ್ಸೆಲ್ಸಿ, ಪ್ರಿಂಟಿನಲ್ಲಿ ತಪ್ಪಾಗಿದೆ ಎಂದು ಮೆಲ್ಲಗೆ ಹಿಂದಿಯಲ್ಲಿ ಹೇಳಿದ. ಎಲ್ಲರೂ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮೆಟ್ಟಿಲ ಬಳಿ ಅವನು ಕೇಳಿದ್ದು ಒಂದೇ ಮಾತು.

"ನಾ ಇದ್ದಂಗ ಇದ್ರ ನಿಮಗ ನಾಚಿಕಿ ಏನ್ರೀ?"

ಎರಡು ದಿನ ಅವನು ನನ್ನತ್ತ ನೋಡಲಿಲ್ಲ. ಎರಡು ದಿನವೂ ನನ್ನ ಊಟದ ಡಬ್ಬಿ ಹಾಗೇ ಮನೆಗೆ ವಾಪಸ್ಸಾಯಿತು.

ಗುರುವಾರ ಆ ಪುಟವನ್ನು ಮತ್ತೆ ಬರೆದೆ. 'ಹುಲಗೇಶ, ಛಾಯಾಗ್ರಾಹಕ. ಲೈಟು ಹೊರುತ್ತ ಶೂಟಿಂಗಿನಲ್ಲೇ ಕಲಿತವರು.' ಅವನ ಎದುರಿಗೇ ನಿಂತು ಅದನ್ನು ಅಪ್ಪನಿಗೆ ವಾಟ್ಸ್ಯಾಪ್ ಮಾಡಿದೆ. ಇವರ ತಾಯಿ ಯಂಕಮ್ಮ ಕಟ್ಟಡ ಕೆಲಸದವರು, ನಾನು ಇವರನ್ನೇ ಮದುವೆಯಾಗುತ್ತೇನೆ ಎಂದೂ ಸೇರಿಸಿ, ಫೋನ್ ಅವನಿಗೆ ತೋರಿಸಿದೆ.

"ತಪ್ಪಾತ್ರೀ," ಅಂದೆ. "ಕನ್ನಡಿಯೊಳಗ ನನ್ನ ಮುಖ ನೋಡ್ಕೊಳ್ಳಾಕ ಆಗವಲ್ದು."

ಅವನು ಒರೆಸಿದ ಲೆನ್ಸನ್ನೇ ಮತ್ತೆ ಒರೆಸಿದ.

ಅಪ್ಪನ ಉತ್ತರ ಬಂತು. 'ಐತವಾರ ಊಟಕ್ಕ ಕರಕೊಂಡು ಬಾ. ಯಂಕಮ್ಮನವರನ್ನೂ.'

ಅಪ್ಪನನ್ನೂ ಎಷ್ಟು ಸಣ್ಣವನೆಂದುಕೊಂಡಿದ್ದೆ ನಾನು! ಕಣ್ಣು ತುಂಬಿ, ಫೋನನ್ನು ಹುಲಗೇಶನ ಕೈಗಿಟ್ಟೆ. ಓದಿದ ಅವನು ಮೂರು ದಿನದ ಮೇಲೆ ಮತ್ತೆ ಓರೆಗಣ್ಣಲ್ಲಿ ನೋಡಿದ.

"ಅವ್ವಗ ನೀವೇ ಬಂದು ಹೇಳ್ರಿ," ಅಂದ. "ಆ ಡಿಪ್ಲೊಮಾದ ಕಥಿ ಸುದ್ದಾ."

"ಹೇಳ್ತೀನ್ರಿ," ಅಂದೆ. ತಲೆ ಮಾತ್ರ ಎತ್ತಲಾಗಲಿಲ್ಲ.