ಸಿಗುರೋ ಎಂದವನು

"ಈ ಎರಡೂ ಗುಳಿಗಿ ಒಮ್ಮೆಗೇ ಕೊಡಬ್ಯಾಡ್ರಿ. ಬಿಪಿ ಭಾಳ ಇಳೀತದ."

ರಾಯಚೂರಿನ ತೀನ್ ಕಂದೀಲ್ ಹತ್ತಿರ ದಸ್ತಗೀರ್ ಸಾಬರ ಮೆಡಿಕಲ್ ಶಾಪು. ಕೌಂಟರಿನ ಆಚೆ ನಿಂತ ಹುಡುಗ ಚೀಟಿ ನೋಡಿ ಹೀಗೆಂದದ್ದೇ ತಡ, ಅಪ್ಪನ ಗುಳಿಗೆಗೆಂದು ಬಂದಿದ್ದ ವಿಶಾಖಾಳ ಹುಬ್ಬು ಮೇಲೇರಿತು. ಗುಳಿಗೆ ಕೊಡಬೇಕು, ಚಿಲ್ಲರೆ ಕೊಡಬೇಕು. ಇವನ ಉಪದೇಶ ಕೇಳಿದವರು ಯಾರು?

"ನೀವೇನ್ ಡಾಕ್ಟರಾ?"

ಅವನು ತಲೆ ತಗ್ಗಿಸಿ ಮೆಲ್ಲಗೆ ಅಂದ. "ಸಿಗುರೋ..."

ವಿಶಾಖಾ ಬೆಚ್ಚಿಬಿದ್ದಳು!

ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಎಂ.ಎ. ಮಾಡಿದವಳು ಅವಳು. ಮಾನ್ವಿಯ ಮನೆಯಲ್ಲಿ ಕೂತು ಸ್ಪೇನಿನ ವಿಮೆ ಕಾಗದಗಳನ್ನು ಇಂಗ್ಲಿಷಿಗೆ ಇಳಿಸುವುದೇ ಅವಳ ಕೆಲಸ. ಸ್ಪ್ಯಾನಿಷಿನಲ್ಲಿ ವಿಮೆಗೂ 'ಸೆಗುರೋ', ಖಂಡಿತ ಎನ್ನುವುದಕ್ಕೂ 'ಸೆಗುರೋ'. ಪುಟಕ್ಕೆ ಹತ್ತು ಸಲ ಕಾಣುವ ಪದ. ಮಾನ್ವಿಯಲ್ಲಿ ಸ್ಪ್ಯಾನಿಷ್ ಮಾತಾಡಲು ಗೋಡೆ ಬಿಟ್ಟರೆ ಅವಳಿಗೆ ಇನ್ನಾರೂ ಇರಲಿಲ್ಲ, ಆದರೂ ಗತ್ತಿಗೇನೂ ಕಮ್ಮಿಯಿಲ್ಲ.

'ನಾನು ಡಾಕ್ಟರೇ, ಖಂಡಿತ ಅಂತಾನಲ್ಲ... ಎಷ್ಟು ಸೊಕ್ಕು ಇವನಿಗೆ!'

"ಸಿಗುರೋ ಅಲ್ರಿ, ಸೆಗುರೋ. ಮನೆಗೆ ಮನಿ ಅಂದಂಗ ಸ್ಪ್ಯಾನಿಷಿಗೂ ನಮ್ಮೂರ ಗಾಳಿ ಹಚ್ಚಬ್ಯಾಡ್ರಿ. ಎಲ್ಲಿ ಕಲ್ತ್ರಿ ಇದನ್ನ?"

"ಫಿಲಿಪೈನ್ಸ್‌ದಾಗ್ರಿ. ಎಂಬಿಬಿಎಸ್ ಅಲ್ಲೇ ಮಾಡೀನಿ."

"ಓಹೋ, ಫಿಲಿಪೈನ್ಸ್ ಡಾಕ್ಟರ್! ಅದಕ್ಕೇ ಕೌಂಟರಿನ್ಯಾಗ ನಿಂತೀರಿ."

ಹುಡುಗನ ಮುಖ ಸಣ್ಣದಾಯಿತು. ದಸ್ತಗೀರ್ ಸಾಬರೇ ನಡುವೆ ಬಾಯಿ ಹಾಕಿದರು. "ಹೊರದೇಶದಾಗ ಓದಿದವರಿಗೆ ಇಲ್ಲೊಂದು ಪರೀಕ್ಷಾ ಅದ ತಂಗಿ. ಅದು ಪಾಸಾಗೋತನಕ ಗಬ್ಬೂರಿನ ಅಂಬರೀಶ ನಮ್ಮ ಅಂಗಡ್ಯಾಗ."

ಇಬ್ಬರೂ ಓದಿದವರು ನೋಡಿ! ಆ ಪದದ ಅರ್ಥ ಏನೆಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಓದದವರಾಗಿದ್ದರೆ ಅಲ್ಲೇ ಕೇಳಿ ಮುಗಿಸುತ್ತಿದ್ದರು.

ಆ ರಾತ್ರಿ ವಿಶಾಖಾ ಹಟಕ್ಕೆ ಬಿದ್ದು ಎರಡೂ ಗುಳಿಗೆ ಒಟ್ಟಿಗೇ ಕೊಟ್ಟಳು. ಬೆಳಗ್ಗೆ ಅಪ್ಪ ಮೌನಪ್ಪ ಹಾಸಿಗೆಯಿಂದ ಎದ್ದವನೇ ತಲೆ ತಿರುಗಿ ಗೋಡೆ ಹಿಡಿದ. ಕೌಂಟರಿನ ಹುಡುಗ ಹೇಳಿದ್ದೇ ಸರಿ ಎಂದು ಮಾನ್ವಿಯ ಡಾಕ್ಟರೂ ಬೈದರು.

ಕ್ಷಮೆ ಕೇಳಲು ಹೋದವಳ ಬಾಯಿಂದ ಬಂದದ್ದು, "ಏನೋ ಒಂದ್ಸಲ ನಿಮ್ಮ ಗುರಿ ಹತ್ತೇದ, ಫಿಲಿಪೈನ್ಸ್ ಡಾಕ್ಟರೇ!"

ಅವನು ನಕ್ಕ. ಗುಳಿಗೆಯ ಪೊಟ್ಟಣದ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಟ್ಟ. "ನಿಮ್ಮಪ್ಪಗ ಕನ್ನಡಕ ಹುಡುಕೋದು ತಪ್ಪಲಿ."

ಆ ವಕ್ರ ಸೂರ್ಯನನ್ನು ವಿಶಾಖಾ ಎಷ್ಟು ಸಲ ನೋಡಿದಳೋ! ಹದಿನೈದು ದಿನಕ್ಕೊಮ್ಮೆ ಇದ್ದ ರಾಯಚೂರಿನ ಪ್ರಯಾಣ ವಾರಕ್ಕೊಮ್ಮೆ ಆಯಿತು. ಚುಚ್ಚುಮಾತು ನಿಲ್ಲಲಿಲ್ಲ, 'ನೀವು' ಮಾತ್ರ 'ನೀ' ಆಯಿತು. ಆರು ತಿಂಗಳಲ್ಲಿ ಅವಳು ಅವನನ್ನು ಪ್ರೀತಿಸಿಬಿಟ್ಟಿದ್ದಳು. ಒಪ್ಪಿಕೊಳ್ಳಲು ಮಾತ್ರ ಗತ್ತು ಅಡ್ಡ ಬರುತ್ತಿತ್ತು.

ಅಷ್ಟರಲ್ಲಿ ಸಿಂಧನೂರಿನಿಂದ ಒಂದು ಸಂಬಂಧ ಬಂತು. ಹುಡುಗ ಲೆಕ್ಚರರ್. ವಿಶಾಖಾ ಅಂಜುತ್ತಲೇ ಅಂಬರೀಶನ ಹೆಸರು ಹೇಳಿದಳು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದ ಮೌನಪ್ಪ ಬಸ್ಸಿನ ಟೈಮು ಹೇಳಿದಂತೆ ದಿನ ಗೊತ್ತುಮಾಡಿದ.

"ಐತ್ವಾರ ಮನಿಗೆ ಬಂದು ಕೇಳ್ಲಿ. ಬರಲಿಲ್ಲಂದ್ರ ಗುರುವಾರ ಸಿಂಧನೂರಿನವ್ರಿಗೆ ಹೂಂ ಅಂತೀನಿ."

'ಸಿಂಧನೂರಿನಿಂದ ಸಂಬಂಧ ಬಂದದ. ಭಾನುವಾರ ಬಂದು ಅಪ್ಪನ ಹತ್ತಿರ ನಮ್ಮಿಬ್ಬರ ವಿಷಯ ಮಾತಾಡ್ತೀಯಾ?' ಎಂದು ಮೆಸೇಜು ಹೋಯಿತು. ಒಂದು ಗಂಟೆ ಬಿಟ್ಟು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದ ಬಂತು. 'ಸಿಗುರೋ.'

"ಇನ್ನೂ ಸ್ಪೆಲ್ಲಿಂಗ್ ಬರಂಗಿಲ್ಲ ಈ ಡಾಕ್ಟರಿಗೆ!" ಎಂದು ನಕ್ಕು, ಅವಳು ಫೋನನ್ನು ಎದೆಗೆ ಒತ್ತಿಕೊಂಡಳು. ಖಂಡಿತ ಬರುತ್ತಾನೆ!

ಭಾನುವಾರ ಅವ್ವ ಗೋಪಮ್ಮ ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣಿ ಮಾಡಿ, ಮಿರ್ಚಿ ಕರಿದಳು. ಅಪ್ಪ ಇಸ್ತ್ರಿ ಅಂಗಿ ಹಾಕಿ ಪಕ್ಕದ ಮನೆಯಿಂದ ಎರಡು ಕುರ್ಚಿ ತಂದ. ಹನ್ನೊಂದಾಯಿತು... ಎರಡಾಯಿತು... ದೀಪ ಹಚ್ಚುವ ಹೊತ್ತಾಯಿತು. ಅಂಬರೀಶ ಬರಲಿಲ್ಲ. ಫೋನೂ ಬಂದ್.

ಅಪ್ಪ ತಾನೇ ಕುರ್ಚಿ ಹೊತ್ತು ವಾಪಸು ಕೊಟ್ಟು ಬಂದ.

"ಬರ್ತದಂತ ಬೋರ್ಡ್ ಹಾಕಿದ ಮ್ಯಾಲ ಬಸ್ ಬರಬೇಕವ್ವಾ. ಇಲ್ಲಂದ್ರ ಬೋರ್ಡೇ ಹಾಕಬಾರ್ದು."

ಬೈದಿದ್ದರೆ ಸಹಿಸಬಹುದಿತ್ತು. ಅಪ್ಪ ಬೈಯಲಿಲ್ಲ. ವಿಶಾಖಾಳಿಗೆ ಅಂಬರೀಶನ ಹೆಸರು ನೆನೆದರೆ ಉಗುಳಬೇಕೆನಿಸಿತು. ಥೂ... ಹೇಡಿ! ಖಂಡಿತ ಎಂದು ಬರೆದು ಕೈಕೊಟ್ಟವನು!

ಬುಧವಾರ ಬೆಳಗ್ಗೆ ಅವಳ ಒಂದು ಅನುವಾದ ವಾಪಸು ಬಂತು. ಸ್ಪೇನಿನ ಆಸ್ಪತ್ರೆಯೊಂದರಲ್ಲಿ ಮೆಟ್ಟಿಲಿನಿಂದ ಬಿದ್ದ ಫಿಲಿಪೈನ್ಸ್ ನರ್ಸಿನ ವಿಮೆ ಅರ್ಜಿ ಅದು. ನಡುವೆ ಒಂದು ಸ್ಪ್ಯಾನಿಷ್ ಸಾಲಿನಲ್ಲಿ ಆಕೆ ತನ್ನ ಭಾಷೆಯ ಪದವೊಂದನ್ನು ಸೇರಿಸಿದ್ದಳು. ಅದರಲ್ಲಿ 'ಸಿಗುರೋ' ಕಂಡು, ವಿಶಾಖಾ ಯಥಾಪ್ರಕಾರ ಸ್ಪೆಲ್ಲಿಂಗ್ ತಿದ್ದಿ, 'ಖಂಡಿತ ಜಾರಿದೆ' ಎಂದು ಇಳಿಸಿದ್ದಳು.

ಮೇಲಿನವರು ಕೆಂಪಕ್ಷರದಲ್ಲಿ ಬರೆದಿದ್ದರು: ಇದು ಸ್ಪ್ಯಾನಿಷ್ ಅಲ್ಲ, ಫಿಲಿಪೈನ್ಸಿನ ಟಗಾಲೋಗ್. ಇಲ್ಲಿ ಸಿಗುರೋ ಅಂದರೆ 'ಬಹುಶಃ'.

ವಿಶಾಖಾ ಆ ಸಾಲನ್ನು ಮತ್ತೊಮ್ಮೆ ಓದಿದಳು.

ನಿಘಂಟುಗಳನ್ನು ತೆರೆದಳು. ಲ್ಯಾಟಿನ್ನಿನಲ್ಲಿ ಹುಟ್ಟಿದಾಗ ಅದರ ಅರ್ಥ 'ಚಿಂತೆಯಿಲ್ಲದ'. ಪೋರ್ಚುಗೀಸಿನಲ್ಲಿ 'ಸುರಕ್ಷಿತ'. ಸ್ಪ್ಯಾನಿಷಿನಲ್ಲಿ 'ಖಂಡಿತ'. ಫಿಲಿಪೈನ್ಸಿನಲ್ಲಿ 'ಇರಬಹುದು'! ಸ್ಪೇನಿನಲ್ಲಿ ಹಡಗು ಹತ್ತಿದಾಗ ಖಂಡಿತವಾಗಿದ್ದ ಮಾತು, ಅಲ್ಲಿ ಇಳಿದ ಮೇಲೆ ಅನುಮಾನವಾಗಿತ್ತು.

ನೀವು ಡಾಕ್ಟರಾ? 'ಇರಬಹುದು...' ಅಂದಿದ್ದ. ಅದನ್ನು ಸೊಕ್ಕು ಅಂದುಕೊಂಡಿದ್ದಳು! ಆ 'ಇ'ಕಾರ ಗಬ್ಬೂರಿನ ಗಾಳಿಯಲ್ಲ, ಅದೇ ಸರಿಯಾದ ಪದ. ತಪ್ಪು ತಿದ್ದುವವಳೇ ತಪ್ಪು ಓದಿದ್ದಳು. ಎಂ.ಎ. ಅಂತೆ, ಎಂ.ಎ.!

ಸಿಕ್ಕ ಮೊದಲ ಬಸ್ಸಿಗೇ ರಾಯಚೂರಿಗೆ ಓಡಿದಳು. ದಸ್ತಗೀರ್ ಸಾಬರು ಒಬ್ಬರೇ ಇದ್ದರು.

"ಶನಿವಾರ ಆ ಪರೀಕ್ಷಾದ ರಿಸಲ್ಟ್ ಬಂತು ತಂಗಿ. ನಾಲ್ಕು ಮಾರ್ಕ್ಸ್‌ನಾಗ ಹೋತು. ಅಂವ ಊರಿಗೆ ಹೋಗ್ಯಾನ."

ಅಲ್ಲಿಂದ ದೇವದುರ್ಗದ ಬಸ್ ಹತ್ತಿ ಗಬ್ಬೂರಿನಲ್ಲಿ ಇಳಿದು, ಮನೆ ಕೇಳುತ್ತ ಹೋದಳು. ಅಂಬರೀಶ ಅಂಗಳದಲ್ಲಿ ಹತ್ತಿ ಚೀಲ ತುಂಬುತ್ತಿದ್ದ. ಅವಳನ್ನು ಕಂಡು ಕಲ್ಲಾದ.

"ಸಿಗುರೋ ಅಂದ್ರ ಏನು?"

"...ಬರಬಹುದು ಅಂತ. ಪಾಸಾದ್ರ ಬರಬಹುದು. ನಿನಗ ಗೊತ್ತಿರ್ತದ ಅನ್ಕೊಂಡಿದ್ದೆ. ನೀ ಎಂ.ಎ. ಅಲ್ಲ?"

"ನನಗ ಏನೂ ಗೊತ್ತಿರಲಿಲ್ಲ! ನಮ್ಮಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು ಸಂಜೀತನಕ ಕುಂತಿದ್ದ. ಬರಬಹುದು ಅಂತ ಕನ್ನಡದಾಗ ಬರ್ಯಾಕ ನಿನ್ನ ಬೆರಳಿಗೆ ಏನಾಗಿತ್ತು?"

ಅವನು ತಲೆ ಎತ್ತಲಿಲ್ಲ. "ಕನ್ನಡದಾಗ ಬರದ್ರ ನೀ ನಗ್ತಿದ್ದಿ. ಫೇಲಾದ ಮ್ಯಾಲ ನಿಮ್ಮಪ್ಪನ ಮುಂದ ಏನಂತ ಕುಂದ್ರಲಿ? ಫಿಲಿಪೈನ್ಸ್ ಡಾಕ್ಟರ್ ಅಂತೇನು?"

ತನ್ನದೇ ಮಾತು ತನ್ನ ಕೆನ್ನೆಗೇ ಬಿತ್ತು. ವಿಶಾಖಾಳ ಕಣ್ಣು ತುಂಬಿದವು.

"ನೀ ಹೇಡಿ, ಅಂಬರೀಶ."

"ಹೌದು."

"ನಾ ಸೊಕ್ಕಿನಾಕಿ."

"ಸಿಗುರಾಡೋ."

"ಅದೇನದು ಮತ್ತ?"

"ಅಲ್ಲಿ ಖಂಡಿತ ಅನ್ನಾಕ ಹಂಗಂತಾರ."

ಅಳುತ್ತಿದ್ದವಳು ನಕ್ಕುಬಿಟ್ಟಳು! "ನಾಕು ಮಾರ್ಕ್ಸಿಗೆ ಯಾರು ಸಾಯ್ತಾರ? ಮತ್ತ ಬರಿ. ನಾ ಪ್ರೀತಿ ಮಾಡಿದ್ದು ಸರ್ಟಿಫಿಕೇಟಿಗಲ್ಲ, ಪೊಟ್ಟಣದ ಮ್ಯಾಲ ವಕ್ರ ಸೂರ್ಯನ ಬರಿಯಾಂವಗ. ಇದನ್ನ ಆರು ತಿಂಗಳ ಹಿಂದೇ ಹೇಳಬೇಕಿತ್ತು."

"ನಾನೂ... ಮೊದಲನೇ ದಿನಾನ ಹೇಳಬೇಕಿತ್ತು. ನೀ ಸೆಗುರೋ ಅಂತ ಬೈದೆಲ್ಲ, ಅವತ್ತೇ."

"ನಾಳೆ ಗುರುವಾರ. ಸಿಂಧನೂರಿನವ್ರಿಗೆ ಅಪ್ಪ ಹೂಂ ಅಂತಾನ. ಈಗ ಮಾನ್ವಿಗೆ ಬರ್ತಿ ಏನು?"

"ಬರ್ತೀನಿ."

ಅವಳು ಕಣ್ಣೊರೆಸಿಕೊಂಡು ಅವನನ್ನು ದಿಟ್ಟಿಸಿದಳು. "ನಮ್ಮ ಮಂದಿ ಎದ್ದು ಹೋಗುವಾಗನೂ ಬರ್ತೀನಿ ಅಂತಾರ. ಇದು ಯಾವ ಬರ್ತೀನಿ?"

ಅಂಬರೀಶ ಕೈಗೆ ಮೆತ್ತಿದ ಹತ್ತಿ ಝಾಡಿಸಿ, ಗೂಟದ ಮೇಲಿನ ಅಂಗಿ ಎಳೆದುಕೊಂಡು, ಅವಳಿಗಿಂತ ಮೊದಲೇ ಬಾಗಿಲು ದಾಟಿದ.

"ಬರೋ ಬರ್ತೀನಿ. ಲಗೂ ನಡಿ, ಬಸ್ ಹೋಗ್ತದ."